ಒಂದು ಫ್ರೇಮ್ ಹಿಂದೆ, ಒಂದು ಫ್ರೇಮ್ ಮುಂದೆ: ಕೀಲಿಮಣೆಯಿಂದ ಕ್ಲಿಪ್ ಕೂರಿಸುವ ಬಗೆ

ಮೈಸೂರಿನ ದಟ್ಟಗಳ್ಳಿಯಲ್ಲಾಗಲಿ, ಕುವೆಂಪುನಗರದಲ್ಲಾಗಲಿ, ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಮಾಂಗಲ್ಯಧಾರಣೆಯ ಭಾಗವೇ ದೊಡ್ಡ ಪರೀಕ್ಷೆ. ಡೋಲಿನ ಮೇಲೆ ಕೋಲು ಬೀಳುವುದು ಒಂದು ಕ್ಷಣ, ಸದ್ದು ಕೇಳುವುದು ಇನ್ನೊಂದು ಕ್ಷಣವಾದರೆ ಗಟ್ಟಿಮೇಳದ ಕಳೆಯೇ ಹೋಗುತ್ತದೆ. ಇಂಥ ಕಡೆ ಮೌಸ್ ಸಾಲದು, ಕೀಲಿಮಣೆಯೇ ಬೇಕು.

ಕಾರಣ ಸರಳ ಲೆಕ್ಕದಲ್ಲಿದೆ. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಒಂದು ಗಂಟೆಯ ವಿಡಿಯೊದಲ್ಲಿ 90,000 ಫ್ರೇಮ್‌ಗಳು. ಅಷ್ಟನ್ನೂ 1,800 ಪಿಕ್ಸೆಲ್ ಅಗಲದ ಟೈಮ್‌ಲೈನಿನಲ್ಲಿ ತೋರಿಸಿದಾಗ ಒಂದೊಂದು ಪಿಕ್ಸೆಲ್ಲಿಗೆ 50 ಫ್ರೇಮ್, ಅಂದರೆ ಎರಡು ಸೆಕೆಂಡ್. ಮೌಸ್ ಕೂದಲೆಳೆಯಷ್ಟು ಜರುಗಿದರೂ ಕ್ಲಿಪ್ ಎಲ್ಲಿಗೋ ಹೋಗುತ್ತದೆ. ಕೀಲಿಯಾದರೋ ಝೂಮ್ ಎಷ್ಟೇ ಇರಲಿ, ಒತ್ತಿದಷ್ಟೇ ಫ್ರೇಮ್ ಸರಿಸುತ್ತದೆ.

ಡಾವಿಂಚಿ ರಿಸಾಲ್ವ್‌ನಲ್ಲಿ

1. ಎಲ್ ಒತ್ತಿದರೆ ವಿಡಿಯೊ ಮುಂದಕ್ಕೆ, ಜೆ ಒತ್ತಿದರೆ ಹಿಂದಕ್ಕೆ ಓಡುತ್ತದೆ, ಕೆ ನಿಲ್ಲಿಸುತ್ತದೆ. ಎಡ-ಬಲ ಬಾಣದ ಕೀಲಿಗಳಿಂದ ಒಂದೊಂದೇ ಫ್ರೇಮ್ ನೋಡುತ್ತ ಹೋಗಿ, ಕೋಲು ಡೋಲಿಗೆ ತಾಗುವ ಫ್ರೇಮ್ ಹುಡುಕಿ.
2. ಕ್ಲಿಪ್ ಆಯ್ಕೆ ಮಾಡಿ ಅಲ್ಪವಿರಾಮದ ಕೀಲಿ ಒತ್ತಿದರೆ ಅದು ಒಂದು ಫ್ರೇಮ್ ಎಡಕ್ಕೆ, ಪೂರ್ಣವಿರಾಮದ ಕೀಲಿ ಒತ್ತಿದರೆ ಬಲಕ್ಕೆ ಸರಿಯುತ್ತದೆ. ಜೊತೆಗೆ ಶಿಫ್ಟ್ ಹಿಡಿದರೆ ಐದೈದು ಫ್ರೇಮ್.
3. ದೂರ ಗೊತ್ತಿದ್ದರೆ ಪ್ಲಸ್ ಚಿಹ್ನೆ, 10, ಎಂಟರ್ ಒತ್ತಿ. ಕ್ಲಿಪ್ ಹತ್ತು ಫ್ರೇಮ್ ಮುಂದೆ ಹೋಗುತ್ತದೆ.
4. ಧ್ವನಿಯನ್ನಷ್ಟೇ ಸರಿಸಬೇಕೆಂದರೆ ಆಲ್ಟ್ ಹಿಡಿದು ಅದರ ಮೇಲೆ ಕ್ಲಿಕ್ ಮಾಡಿ.

ಸರಿಸುವ ಕ್ಲಿಪ್ಪಿನ ಅಕ್ಕಪಕ್ಕ ಬೇರೆ ಕ್ಲಿಪ್ ಅಂಟಿಕೊಂಡಿದ್ದರೆ ಅದರ ತುದಿ ಅಳಿಸಿಹೋಗಬಹುದು. ಮೊದಲು ಖಾಲಿ ಟ್ರ್ಯಾಕಿಗೆ ಒಯ್ದು ಸರಿಸುವುದು ಕ್ಷೇಮ.

ಕೆಡೆನ್‌ಲೈವ್‌ನಲ್ಲಿ

ಈ ಉಚಿತ ತಂತ್ರಾಂಶದಲ್ಲಿ ಕ್ಲಿಪ್ ಆಯ್ಕೆ ಮಾಡಿ ಶಿಫ್ಟ್ ಮತ್ತು ಜಿ ಒಟ್ಟಿಗೆ ಒತ್ತಬೇಕು. ಆಮೇಲೆ ಎಡ-ಬಲ ಬಾಣಗಳು ಕ್ಲಿಪ್ಪನ್ನೇ ಒಂದೊಂದು ಫ್ರೇಮ್ ಸರಿಸುತ್ತವೆ. ಮೇಲೆ-ಕೆಳಗಿನ ಬಾಣಗಳು ಟ್ರ್ಯಾಕ್ ಬದಲಿಸುತ್ತವೆ. ಕೆಲಸ ಮುಗಿದ ಮೇಲೆ ಮತ್ತೆ ಶಿಫ್ಟ್-ಜಿ ಒತ್ತಿ ಬಿಟ್ಟುಬಿಡಿ. ಚಿತ್ರದಿಂದ ಧ್ವನಿಯನ್ನು ಬೇರ್ಪಡಿಸಲು ಕಂಟ್ರೋಲ್, ಶಿಫ್ಟ್, ಜಿ ಮೂರನ್ನೂ ಒಟ್ಟಿಗೆ ಒತ್ತಬೇಕು.

ಎಷ್ಟು ಸರಿಸಬೇಕು?

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವಾದ್ಯದವರಿಂದ 15 ಮೀಟರ್ ದೂರದಲ್ಲಿ, ಮಂಟಪದ ಹಿಂದೆ ನಿಲ್ಲಿಸಿದ ಕ್ಯಾಮೆರಾದ ಮೈಕಿಗೆ ಡೋಲಿನ ಸದ್ದು ಸುಮಾರು 44 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅಂದರೆ ಒಂದು ಫ್ರೇಮ್; 30 ಮೀಟರ್ ಆದರೆ ಎರಡು. ಆ ಧ್ವನಿಯನ್ನು ಅಷ್ಟೇ ಫ್ರೇಮ್ ಎಡಕ್ಕೆ ಸರಿಸಿದರೆ ಪೆಟ್ಟು ಚಿತ್ರದೊಂದಿಗೆ ಕೂಡುತ್ತದೆ. ಧ್ವನಿಯ ಅಲೆಗಳನ್ನು ನೋಡಿ ಎರಡು ಕ್ಯಾಮೆರಾಗಳನ್ನು ತಾನೇ ಹೊಂದಿಸುವ ಸೌಲಭ್ಯ ಬಳಸಿದಾಗಲೂ ಈ ವ್ಯತ್ಯಾಸ ಉಳಿಯುತ್ತದೆ. ಸದ್ದುಗಳು ಹೊಂದಿದರೂ ಹಿಂದಿನ ಕ್ಯಾಮೆರಾದ ಚಿತ್ರ ಒಂದು ಫ್ರೇಮ್ ಮೊದಲೇ ಬಂದಿರುತ್ತದೆ.

ಪ್ರಸಾರದ ಗುಣಮಟ್ಟ ನಿಗದಿಪಡಿಸುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಕಾರ, ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಿದ್ದರೆ ನೋಡುಗರಿಗೆ ಗೊತ್ತಾಗುತ್ತದೆ. ಹಿಂದಿದ್ದರೆ ಸುಮಾರು 125ರವರೆಗೆ ಗೊತ್ತಾಗುವುದಿಲ್ಲ. ದೂರದ ಸದ್ದು ತಡವಾಗಿ ಕೇಳುವುದು ನಮ್ಮ ಕಿವಿಗೆ ರೂಢಿ. ಕಾಣುವ ಮೊದಲೇ ಕೇಳುವುದು ರೂಢಿಯಲ್ಲ. ಆದ್ದರಿಂದ ಅನುಮಾನವಿದ್ದಾಗ ಧ್ವನಿಯನ್ನು ಒಂದು ಫ್ರೇಮ್ ಹಿಂದೆಯೇ ಬಿಡಿ, ಮುಂದೆ ತರಬೇಡಿ.

ಮೊದಲ ಬಾರಿಗೆ ಕಲಿಯುವವರು ಗಮನಿಸಬೇಕಾದದ್ದು ಇನ್ನೊಂದಿದೆ. ಶೀರ್ಷಿಕೆಯನ್ನು ಕನ್ನಡದಲ್ಲಿ ಟೈಪ್ ಮಾಡಿದ ಮೇಲೆ ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಕನ್ನಡ ವಿನ್ಯಾಸ ಚಾಲೂ ಇದ್ದರೆ ಈ ಶಾರ್ಟ್‌ಕಟ್‌ಗಳು ಕೆಲಸ ಮಾಡದಿರಬಹುದು.

ಎಲ್ಲ ಕೀಲಿಗಳನ್ನೂ ಒಮ್ಮೆಗೇ ಬಾಯಿಪಾಠ ಮಾಡಬೇಕಿಲ್ಲ. ಫ್ರೇಮ್ ನೋಡುವ ಬಾಣಗಳು, ಕ್ಲಿಪ್ ಸರಿಸುವ ಎರಡು ಕೀಲಿಗಳು, ತಪ್ಪಿದರೆ ಕಂಟ್ರೋಲ್-ಝಡ್. ಮುಂದಿನ ವಿಡಿಯೊವನ್ನು ಇಷ್ಟರಿಂದಲೇ ಶುರುಮಾಡಿ.