ಗಾಳಿಪಟದ ದಾರ ಸಿಕ್ಕಾಯ್ತಾ? ಜಗ್ಗಬೇಡಿ, ಮೊದಲು ಸಡಿಲ ಮಾಡಿ

ದೊಡ್ಡಬಳ್ಳಾಪುರ: ಆಷಾಢದ ಗಾಳಿ ಬೀಸಿತೆಂದರೆ ತಾಲ್ಲೂಕಿನ ಮೈದಾನ, ಮನೆ ಮಾಳಿಗೆಗಳಿಂದ ಗಾಳಿಪಟಗಳು ಏಳುತ್ತವೆ. ಜೊತೆಗೇ ಶುರುವಾಗುವ ತಲೆನೋವು ದಾರದ ಸಿಕ್ಕು. ಬಿಡಿಸೋಕೆ ಆಗದೆ ಕಿತ್ತೆಸೆದ ದಾರ ಮರ, ತಂತಿಗಳಿಗೆ ಸುತ್ತಿಕೊಂಡು ಹಕ್ಕಿಗಳ ರೆಕ್ಕೆ, ಕಾಲಿಗೆ ಉರುಳಾಗುತ್ತದೆ. ರಸ್ತೆಗೆ ಅಡ್ಡ ಬಿದ್ದರೆ ಬೈಕ್ ಸವಾರರ ಕುತ್ತಿಗೆಗೂ ಅಪಾಯ.

ಸಿಕ್ಕು ಬೇರೆ, ಗಂಟು ಬೇರೆ
ದಾರದ ತುದಿ ಒಳಗೆ ತೂರಿ ಬಿಗಿದರೆ ಮಾತ್ರ ಅದು ನಿಜವಾದ ಗಂಟು. ಹೆಚ್ಚಿನ ಸಲ ಆಗಿರುವುದು ಸುರುಳಿಗಳು ಒಂದರೊಳಗೊಂದು ಹೊಕ್ಕ ಸಿಕ್ಕು ಅಷ್ಟೇ. ಜಗ್ಗಿದರೆ ಅದೇ ಗಟ್ಟಿಯಾಗುತ್ತದೆ.

ಬಿಡಿಸೋದು ಹೇಗೆ?
* ಗಾಳಿ ಇಲ್ಲದ ಕಡೆ, ಚಾಪೆ ಮೇಲೆ ಸಿಕ್ಕನ್ನು ಹರಡಿ.
* ತುದಿ ಹುಡುಕಿ ಎಳೀಬೇಡಿ. ಹೊರಗಿನ ಸುರುಳಿಗಳನ್ನು ಬೆರಳಿಂದ ಅಗಲ ಮಾಡುತ್ತಾ ಬನ್ನಿ.
* ಬಿಡಿಸಿದಷ್ಟು ದಾರವನ್ನು ಕೂಡಲೇ ಕೋಲಿಗೆ ಸುತ್ತಿ. ನೆಲದ ಮೇಲೆ ಬಿಟ್ಟರೆ ಮತ್ತೆ ಸಿಕ್ಕಾಗುತ್ತೆ.
* ಗಟ್ಟಿ ಗಂಟಿದ್ದರೆ ಎರಡೂ ಕಡೆಯ ದಾರವನ್ನು ಗಂಟಿನೊಳಕ್ಕೇ ತಳ್ಳಿ, ಪಿನ್ನು ಮೊನೆಯಿಂದ ಮೀಟಿ.
* ಆದರೂ ಬಿಡದಿದ್ದರೆ ಅಷ್ಟು ಭಾಗ ಕತ್ತರಿಸಿ. ಜೋರು ಗಾಳಿಗೆ ದಾರ ಮೊದಲು ಹರಿಯುವುದು ಗಂಟಿನ ಹತ್ತಿರವೇ.

ಸಿಕ್ಕಾಗದಂತೆ ತಡೆಯಲು
ಕೋಲಿಗೆ ಒಂದೇ ದಿಕ್ಕಿನಲ್ಲಿ ಸುತ್ತಿದ ದಾರವನ್ನು ಕೋಲಿನ ತುದಿಯಿಂದ ಜಾರಿಸಿ ತೆಗೆದರೆ ಪ್ರತಿ ಸುತ್ತಿಗೂ ಒಂದು ಹುರಿ ಸೇರುತ್ತದೆ. ದಾರ ಸಡಿಲಾದ ಕೂಡಲೇ ಆ ಹುರಿಯೇ ಸುರುಳಿಯಾಗಿ ಸಿಕ್ಕಾಗುತ್ತದೆ. 8ರ ಆಕಾರದಲ್ಲಿ ಸುತ್ತಿದರೆ ಒಂದು ಕಡೆಯ ಹುರಿ ಇನ್ನೊಂದು ಕಡೆ ಕಳೆದುಹೋಗುತ್ತದೆ. ತಿರುಗುವ ರೀಲಾದರೆ ಈ ತಾಪತ್ರಯವೇ ಕಡಿಮೆ. ಪಟ ಗಿರಗಿರ ತಿರುಗಿದರೂ ದಾರಕ್ಕೆ ಹುರಿ ಬೀಳುತ್ತದೆ. ಆಗ ಸೂತ್ರ ಸರಿಮಾಡಿ, ಬಾಲಂಗೋಚಿ ಉದ್ದ ಮಾಡಿ. ಪಟ ಇಳಿಸುವಾಗ ದಾರ ಕಾಲ ಬುಡದಲ್ಲಿ ರಾಶಿ ಬೀಳದಂತೆ ಇನ್ನೊಬ್ಬರು ಸುತ್ತುತ್ತಾ ಹೋಗಲಿ.

ಅಂಗಡಿಯವರ ಗಮನಕ್ಕೆ
ನೈಲಾನ್, ಸಿಂಥೆಟಿಕ್ ಮಾಂಜಾ ತಯಾರಿ, ಮಾರಾಟ, ಬಳಕೆಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಗಾಜಿನ ಪುಡಿ, ಲೋಹ ಲೇಪಿಸಿದ ದಾರಕ್ಕೂ ರಾಜ್ಯದಲ್ಲಿ ನಿಷೇಧವಿದೆ. ಮಾರಬಹುದಾದದ್ದು ಬರೀ ಹತ್ತಿ ದಾರ. ಅನುಮಾನ ಬಂದರೆ ಒಂದು ತುಂಡು ಸುಟ್ಟು ನೋಡಿ: ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಗ್ಗದ ಊರಿನವರಿಗೆ ಈ ವ್ಯತ್ಯಾಸ ಹೊಸದೇನಲ್ಲ.

ಉಳಿದ ದಾರ ಏನು ಮಾಡೋದು?
ಬೆರಳುದ್ದಕ್ಕೆ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ. ಕರೆಂಟ್ ತಂತಿಗೆ ಸಿಕ್ಕಿದ ಪಟವನ್ನು ಕೋಲು ಹಿಡಿದು ಎಳೆಯಲೇಬೇಡಿ, ಮಕ್ಕಳಿಗೂ ಹೇಳಿ. ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ತಿಳಿಸಿ.