ಕುಟುಂಬದ ಕಾರು ಮತ್ತು ಉದ್ದಿಮೆಯ ಖಾತೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಪ್ರದೇಶಗಳ ಬಹುತೇಕ ಸಣ್ಣ ಉದ್ದಿಮೆಗಳ ಅಢಾವೆ ಪತ್ರಿಕೆಯಲ್ಲಿ, ಯಂತ್ರೋಪಕರಣಗಳ ಕೆಳಗೆ, ‘ಮೋಟಾರು ಕಾರು’ ಎಂಬ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸಂಸ್ಥೆಯ ಹೆಸರಿನಲ್ಲಿ ಖರೀದಿಯಾದ ಈ ವಾಹನ ರಾತ್ರಿ ನಿಲ್ಲುವುದು ಮಾಲೀಕರ ಮನೆಯ ಮುಂದೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಕಾರ್ಖಾನೆಗೆ, ಮಧ್ಯಾಹ್ನ ಬ್ಯಾಂಕಿಗೆ, ಸಂಜೆ ವಯಸ್ಸಾದ ತಂದೆತಾಯಿಯರೊಡನೆ ವೈದ್ಯರ ಬಳಿಗೆ, ಭಾನುವಾರ ಮನೆದೇವರ ದರ್ಶನಕ್ಕೆ, ಹೀಗೆ ಅದರ ದಿನಚರಿ. ಇದೇ ಮಾಲೀಕರು ಕಾರ್ಖಾನೆಯ ಪ್ರತಿಯೊಂದು ಲೇತ್ ಯಂತ್ರಕ್ಕೂ ಒಂದು ನಿರ್ವಹಣಾ ಕಾರ್ಡನ್ನು ಇಟ್ಟಿರುತ್ತಾರೆ. ಯಂತ್ರ ಒಂದು ದಿನ ನಿಂತರೆ ನಷ್ಟವೆಷ್ಟೆಂಬುದು ಅವರಿಗೆ ಬಾಯಿಪಾಠ. ಆಯುಧಪೂಜೆಯ ದಿನ ಲೇತಿಗೂ ಕಾರಿಗೂ ಸಮನಾಗಿಯೇ ಅರಿಸಿನ ಕುಂಕುಮ, ಬೂದುಗುಂಬಳದ ಗೌರವ ಸಲ್ಲುತ್ತದೆ. ಹಬ್ಬ ಮುಗಿದ ಮೇಲೆ ಲೇತಿನ ಕಾರ್ಡು ತೆರೆಯುತ್ತದೆ. ಕಾರಿಗೆ ತೆರೆಯಲು ಕಾರ್ಡೇ ಇರುವುದಿಲ್ಲ.

ಕಾರಿಗೆ ಇರುವುದು ‘ವಾಹನ ನಿರ್ವಹಣಾ ವೆಚ್ಚ’ ಎಂಬ ಒಂದೇ ಖಾತೆ. ಪೆಟ್ರೋಲು, ಫಾಸ್ಟ್ಯಾಗ್, ಪಂಕ್ಚರು, ವಿಮಾ ಕಂತು, ಬ್ಯಾಟರಿ, ಎ.ಸಿ. ದುರಸ್ತಿ, ಎಲ್ಲವೂ ಅದರಲ್ಲೇ ಜಮೆಯಾಗುತ್ತವೆ. ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರಿಗೆ ಒಂದು ಮೊತ್ತ ದೊರೆಯುತ್ತದೆಯೇ ಹೊರತು ಮಾಲೀಕರಿಗೆ ಯಾವ ತಿಳಿವಳಿಕೆಯೂ ದೊರೆಯುವುದಿಲ್ಲ. ವಾಸ್ತವವಾಗಿ ಈ ಬಿಲ್ಲುಗಳನ್ನು ಬಾಬುವಾರು ಬೇರ್ಪಡಿಸಿ, ದಿನಾಂಕ ಹಾಗೂ ಓಡಿದ ಕಿಲೋಮೀಟರಿನೊಂದಿಗೆ ಸಾಲಾಗಿ ಬರೆದಿಟ್ಟರೆ, ಕಾರಿನ ದೋಷವನ್ನು ಮೆಕ್ಯಾನಿಕ್‌ಗಿಂತ ಮೊದಲು ಖಾತೆಯೇ ಹೇಳಿಬಿಡುತ್ತದೆ. ಅದು ಹೇಗೆಂಬುದನ್ನು ವಾಚಕರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶ.

ವಾರವೆಲ್ಲ ತೆವಳಿಕೆ, ಭಾನುವಾರ ಓಟ

ನಮ್ಮ ಭಾಗದ ಕಾರಿಗೆ ಒಂದು ವಿಶೇಷ ಕಷ್ಟವಿದೆ. ಬಸವೇಶ್ವರನಗರದ ಮನೆಯಿಂದ ರಾಜಾಜಿನಗರದ ಕೈಗಾರಿಕಾ ವಸಾಹತಿಗೆ ಇರುವುದು ನಾಲ್ಕಾರು ಕಿಲೋಮೀಟರು ಮಾತ್ರ. ಕಾರ್ಡ್ ರಸ್ತೆ ಅಥವಾ ಮಾಗಡಿ ರಸ್ತೆಯ ದಟ್ಟಣೆಯಲ್ಲಿ ಎಂಜಿನ್ ಬಹಳ ಹೊತ್ತು ಉರಿಯುತ್ತದೆ, ಗಾಡಿ ಮಾತ್ರ ಮುಂದೆ ಸಾಗುವುದಿಲ್ಲ. ಹೀಗಾಗಿ ಮೀಟರಿನಲ್ಲಿ ಕಿಲೋಮೀಟರು ಕಡಿಮೆ, ಎಂಜಿನ್ ದುಡಿದ ಗಂಟೆಗಳು ಹೆಚ್ಚು. ಕಾರ್ಖಾನೆಯ ಏರ್ ಕಂಪ್ರೆಸರಿಗೆ ಎಣ್ಣೆ ಬದಲಿಸುವುದನ್ನು ನಾವು ಗಂಟೆಗಳ ಲೆಕ್ಕದಲ್ಲಿ ನಿರ್ಧರಿಸುತ್ತೇವಷ್ಟೆ. ಕಾರಿನ ಕೈಪಿಡಿಯೂ ‘ಇಷ್ಟು ಕಿಲೋಮೀಟರು ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಎಂದೇ ಹೇಳುತ್ತದೆ. ವಾಕ್ಯದ ಮೊದಲರ್ಧವನ್ನು ಮಾತ್ರ ಓದಿ, ‘ಇನ್ನೂ ಆರು ಸಾವಿರವೂ ಓಡಿಲ್ಲ’ ಎಂದು ಎರಡು ವರ್ಷ ಎಣ್ಣೆ ಬದಲಿಸದವರು ಅನೇಕರಿದ್ದಾರೆ. ಬ್ರೇಕ್ ದ್ರವವಂತೂ ಗಾಡಿ ನಿಂತಿದ್ದರೂ ಗಾಳಿಯ ತೇವವನ್ನು ಹೀರಿಕೊಳ್ಳುವ ಪದಾರ್ಥ. ಅದಕ್ಕೆ ಕಿಲೋಮೀಟರಿನ ಹಂಗಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸತಕ್ಕದ್ದು.

ಹೀಗೆ ವಾರವೆಲ್ಲ ತೆವಳಿದ ಗಾಡಿಯನ್ನೇ ಭಾನುವಾರ ಕೆಂಗೇರಿ ದಾಟಿಸಿ, 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಗೆ ಹತ್ತಿಸುತ್ತೇವೆ. ಅಲ್ಲಿ ಗಂಟೆಗೆ 100 ಕಿಲೋಮೀಟರು ಮಿತಿ. ಏಳು ಜನ, ಹಿಂದೆ ಸಾಮಾನು. ನಗರದ ವೇಗದಲ್ಲಿ ಅಡಗಿದ್ದ ಟೈರಿನ ದೌರ್ಬಲ್ಯ, ಬ್ರೇಕಿನ ಸಡಿಲು, ರೇಡಿಯೇಟರಿನ ಸೋರಿಕೆ ಎಲ್ಲವೂ ಅಲ್ಲಿ ಒಮ್ಮೆಲೇ ಪರೀಕ್ಷೆಗೆ ಒಳಗಾಗುತ್ತವೆ. ಆ ಹೊತ್ತಿಗೆ ಗಾಡಿಯಲ್ಲಿ ಇಡೀ ಕುಟುಂಬ ಇರುತ್ತದೆ.

ಡೀಸೆಲ್ ಕಾರು ಕೊಂಡವರು ಇನ್ನೊಂದು ವಿಷಯ ತಿಳಿದಿರಬೇಕು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್. 6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಸೋಸುಕವಿದೆ. ಹಿಡಿದಿಟ್ಟ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಕೆಲಕಾಲ ತಡೆಯಿಲ್ಲದೆ, ಒಂದೇ ಸಮನಾದ ವೇಗದಲ್ಲಿ ಓಡಬೇಕು. ಮನೆ ಮತ್ತು ಕಾರ್ಖಾನೆಯ ನಡುವೆಯೇ ಓಡಾಡುವ ಗಾಡಿಗೆ ಆ ಅವಕಾಶವೇ ದೊರೆಯದೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ದೀಪವನ್ನು ಅಲಕ್ಷಿಸಿದರೆ ಬಿಲ್ಲು ದೊಡ್ಡದು. ದಿನಕ್ಕೆ ಹತ್ತು ಕಿಲೋಮೀಟರು ಓಡಿಸುವ ವರ್ತಕರಿಗೆ ಡೀಸೆಲ್ ಕಾರು ಉಳಿತಾಯವೆಂಬುದು ನನ್ನ ದೃಷ್ಟಿಯಲ್ಲಿ ಹಳೆಯ ಕಾಲದ ಲೆಕ್ಕಾಚಾರ.

ಬ್ಯಾಟರಿಯ ಕಥೆಯೂ ಇದೇ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ, ಗಾಡಿ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 14ರ ಆಸುಪಾಸು. ಪ್ರತಿ ಸ್ಟಾರ್ಟಿಗೂ ಖರ್ಚಾದ ವಿದ್ಯುತ್ತು ನಾಲ್ಕು ಕಿಲೋಮೀಟರಿನ ಓಟದಲ್ಲಿ, ಅದರಲ್ಲಿಯೂ ಎ.ಸಿ. ಮತ್ತು ದೀಪಗಳನ್ನು ಹಾಕಿಕೊಂಡ ಓಟದಲ್ಲಿ, ಹಿಂದಿರುಗುವುದು ಕಷ್ಟ. 2021ರ ಆಗಸ್ಟಿನಲ್ಲಿ ಮೆಟ್ರೋ ನೇರಳೆ ಮಾರ್ಗ ಕೆಂಗೇರಿಗೆ ಬಂದ ನಂತರ ಆ ಭಾಗದ ಅನೇಕ ಮನೆಗಳ ಕಾರು ಸೋಮವಾರದಿಂದ ಶುಕ್ರವಾರದವರೆಗೆ ಕದಲುವುದೇ ಇಲ್ಲ. ಇದು ರಸ್ತೆಗೆ ಒಳ್ಳೆಯದು, ಬ್ಯಾಟರಿಗಲ್ಲ. (ಇಲಿಗಳಿಗೂ ಒಳ್ಳೆಯದೇ. ರಾಜಕಾಲುವೆಯ ಪಕ್ಕದಲ್ಲಿ ಕಾರು ನಿಲ್ಲಿಸುವವರು ವಾರಕ್ಕೊಮ್ಮೆ ಬಾನೆಟ್ ಎತ್ತಿ ವೈರುಗಳನ್ನು ನೋಡುವುದು ಕ್ಷೇಮ.) ತಮ್ಮ ಖಾತೆಯಲ್ಲಿ ಹದಿನೆಂಟು ತಿಂಗಳಿಗೊಮ್ಮೆ ಬ್ಯಾಟರಿಯ ಬಿಲ್ಲು ಕಂಡುಬಂದರೆ ಬ್ಯಾಟರಿ ಕಂಪನಿಯನ್ನು ದೂರುವ ಮೊದಲು ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯೇ ಎಂದು ಪರೀಕ್ಷಿಸಿ, ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಗಾಡಿಯನ್ನು ಓಡಿಸತಕ್ಕದ್ದು.

ಎ.ಸಿ. ಗ್ಯಾಸ್: ಪ್ರತಿ ಮಾರ್ಚಿನ ಬಿಲ್ಲು

ಕಾರಿನ ಸೌಕರ್ಯಗಳಲ್ಲಿ ಅತ್ಯಂತ ಹೆಚ್ಚು ಬಳಕೆಯಾಗುವುದೂ, ಅತ್ಯಂತ ಕಡಿಮೆ ಅರ್ಥವಾಗಿರುವುದೂ ಎ.ಸಿ. ಅದರ ಕ್ರಮ ಮನೆಯ ಫ್ರಿಜ್ಜಿನದೇ. ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಬಿಸಿಯನ್ನು ಹೊರಚೆಲ್ಲಿ ದ್ರವವಾಗುತ್ತದೆ. ಡ್ಯಾಶ್‌ಬೋರ್ಡಿನ ಒಳಗಿನ ಸುರುಳಿಯಲ್ಲಿ ಮತ್ತೆ ಅನಿಲವಾಗಿ ಒಳಗಿನ ಗಾಳಿಯ ಬಿಸಿಯನ್ನು ಹೀರುತ್ತದೆ. ಮುಚ್ಚಿದ ಈ ಚಕ್ರದಲ್ಲಿ ಅನಿಲ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಹಲವು ವರ್ಷಗಳಲ್ಲಿ ಅಲ್ಪಸ್ವಲ್ಪ ಜಿನುಗಬಹುದು, ಅಷ್ಟೆ. ಆದ್ದರಿಂದ ‘ಎ.ಸಿ. ಗ್ಯಾಸ್ ಭರ್ತಿ’ ಎಂಬ ನಮೂದು ಸತತ ಮೂರು ಮಾರ್ಚ್ ತಿಂಗಳುಗಳಲ್ಲಿ ಕಂಡರೆ ಅದು ನಿರ್ವಹಣೆಯಲ್ಲ, ಸೋರಿಕೆ. ಎಲ್ಲಿ ಸೋರುತ್ತಿದೆ ಎಂಬುದನ್ನು ಪತ್ತೆ ಮಾಡದೆ ಗ್ಯಾಸ್ ತುಂಬಿಸುವುದು ತೂತಾದ ಕೊಡಕ್ಕೆ ನೀರು ಹೊಯ್ದಂತೆ. ಅನಿಲದೊಂದಿಗೆ ಕಂಪ್ರೆಸರಿನ ಎಣ್ಣೆಯೂ ಹೊರಹೋಗಿ, ನಾಲ್ಕನೆಯ ವರ್ಷ ಕಂಪ್ರೆಸರನ್ನೇ ಬದಲಿಸುವ ಪ್ರಸಂಗ ಬರಬಹುದು.

ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ನಮ್ಮ ಊರಿನಲ್ಲಿ ಡಿಸೆಂಬರ್, ಜನವರಿಯಲ್ಲಿ ಎ.ಸಿ. ಬೇಕೆನಿಸುವುದಿಲ್ಲ. ಆದರೂ ವಾರಕ್ಕೊಮ್ಮೆ ಹತ್ತು ನಿಮಿಷ ಹಾಕುವುದು ಒಳ್ಳೆಯದು. ಎಣ್ಣೆ ಚಲಿಸಿ ಸೀಲುಗಳು ಒಣಗದಂತೆ ಕಾಯುತ್ತದೆ. ಬಿಸಿಲಿನಲ್ಲಿ ನಿಂತ ಕಾರಿಗೆ ಹತ್ತಿದೊಡನೆ ಕಿಟಕಿ ಮುಚ್ಚಿ ಎ.ಸಿ. ಹಾಕುವುದು ಸಾಮಾನ್ಯ ರೂಢಿ. ಮೊದಲು ಒಂದು ನಿಮಿಷ ಕಿಟಕಿ ಇಳಿಸಿ ಕಾದ ಗಾಳಿಯನ್ನು ಹೊರಹಾಕಿ, ಅನಂತರ ಮುಚ್ಚಿದರೆ ಕಂಪ್ರೆಸರಿನ ಹೊರೆ ಎಷ್ಟೋ ಕಡಿಮೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಮಾಗಡಿ ರಸ್ತೆಯ ಧೂಳು ಹೊಗೆಗೆ ತಕ್ಕದ್ದು. ಮಳೆಯಲ್ಲಿ ಗಾಜು ಮಂಜುಗಟ್ಟಿದಾಗ ಮಾತ್ರ ಅದನ್ನು ತೆಗೆದು, ಹೊರಗಾಳಿಯೊಂದಿಗೆ ಎ.ಸಿ. ಹಾಕಿ ಗಾಳಿಯನ್ನು ಮುಂದಿನ ಗಾಜಿನತ್ತ ತಿರುಗಿಸಬೇಕು. ಬಟ್ಟೆಯಿಂದ ಒರೆಸುತ್ತಾ ಒಂದೇ ಕೈಯಲ್ಲಿ ಓಡಿಸುವುದು ಅಪಾಯ.

ಮೂರು ಸಾಲಿನ ಕಾರುಗಳ ಬಗೆಗೆ ಒಂದು ಮಾತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದ ಮೇಲೆ ನಮ್ಮ ವರ್ತಕ ಕುಟುಂಬಗಳಲ್ಲಿ ಇಂತಹ ವಾಹನ ವಾಡಿಕೆಯಾಯಿತು. ಹಿಂಬದಿಯ ಸಾಲುಗಳಿಗೆ ಪ್ರತ್ಯೇಕ ಬ್ಲೋವರ್ ಇರುವ ಗಾಡಿಗಳಲ್ಲಿ ಮುಂದೆ ಕುಳಿತವರು ಚಳಿಯೆಂದು ಎ.ಸಿ. ಆರಿಸಿದರೆ ಹಿಂದಿನವರಿಗೆ ಬರುವುದು ಬರಿಯ ಗಾಳಿ. ಎ.ಸಿ. ಆರಿಸದೆ ಮುಂದಿನ ಬ್ಲೋವರನ್ನು ಮಾತ್ರ ತಗ್ಗಿಸಿದರೆ ಎಲ್ಲರಿಗೂ ಹಿತ. ಕ್ಯಾಬಿನ್ ಫಿಲ್ಟರ್ ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ಅದು ಮುಚ್ಚಿಹೋಗಿದ್ದರೆ ಗ್ಯಾಸ್ ಎಷ್ಟು ತುಂಬಿಸಿದರೂ ತಂಪಾಗದು.

ಮುಚ್ಚಿದ ಶೆಡ್ಡಿನಲ್ಲಿ ಅಥವಾ ನೆಲಮಾಳಿಗೆಯಲ್ಲಿ ಎಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿಕೊಂಡು ಮಲಗುವುದನ್ನು ತಾವೂ ಮಾಡಬಾರದು, ತಮ್ಮ ಚಾಲಕರಿಗೂ ಬಿಡಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ನಿದ್ರೆಯಲ್ಲಿದ್ದವರಿಗೆ ಅದು ತಿಳಿಯುವುದೇ ಇಲ್ಲ.

ಜೆ.ಸಿ. ರಸ್ತೆಯ ಅಂಗಡಿಗಳಿಂದ ತರುವ ಅಲಂಕಾರ ಸಾಮಗ್ರಿಗಳಲ್ಲಿಯೂ ವಿವೇಚನೆ ಬೇಕು. ಆಸನದ ಪಕ್ಕದಿಂದ ತೆರೆಯುವ ಏರ್‌ಬ್ಯಾಗ್ ಇರುವ ಗಾಡಿಗೆ ಸಾಧಾರಣ ಸೀಟು ಕವರು ಹೊಲಿಸಿದರೆ ಅದು ತೆರೆಯಲು ಅಡ್ಡಿ. ದಪ್ಪ ಮ್ಯಾಟು ಜಾರಿ ಬ್ರೇಕಿನ ಕೆಳಗೆ ಸೇರಿದರೆ ಅನಾಹುತ.

ಟೈರು ಮತ್ತು ಮಳೆ

ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿಯೇ ಅಚ್ಚಾಗಿರುತ್ತದೆ. ತುಂಬಿದ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಮೈಸೂರಿಗೆ ಹೊರಡುವ ದಿನ ಅದನ್ನು ಅನುಸರಿಸಬೇಕು. ಟೈರು ತಣ್ಣಗಿರುವಾಗ ಅಳೆದ ಒತ್ತಡವೇ ಪ್ರಮಾಣ. ನೈಟ್ರೋಜನ್ನಿಗೆ ಹಣ ತೆರುವವರಿಗೆ ನೆನಪಿಸುವುದೇನೆಂದರೆ, ಸಾಧಾರಣ ಗಾಳಿಯಲ್ಲಿಯೇ ಶೇ. 78ರಷ್ಟು ನೈಟ್ರೋಜನ್ ಇದೆ. ಟೈರಿನ ಅಂಚಿನಲ್ಲಿ ನಾಲ್ಕು ಅಂಕಿಗಳ ಒಂದು ಸಂಕೇತವಿರುತ್ತದೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ನಮ್ಮ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗಿ ಬಿರುಕು ಬಿಡುತ್ತದೆ. ಕಾನೂನಿನಂತೆ ಗಾಡಿಯ ಆಳ ಅಂದರೆ ಟೈರಿನ ಗೆರೆಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕು, ಆದರೆ ಮಳೆಗೆ ಅದು ಸಾಲದು. ಮುಂದಿನ ಎರಡು ಟೈರುಗಳನ್ನೇ ಮತ್ತೆ ಮತ್ತೆ ಬದಲಿಸಿದ ಬಿಲ್ಲುಗಳಿದ್ದರೆ ದೋಷ ಬಹುಶಃ ಚಕ್ರಗಳ ಜೋಡಣೆಯಲ್ಲಿದೆ, ಟೈರಿನಲ್ಲಲ್ಲ.

2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರಿಗೆ ಬಾಡಿಗೆ ಕಾರೊಂದು ಸಿಲುಕಿ, ಕುಟುಂಬದೊಡನೆ ಪ್ರಯಾಣಿಸುತ್ತಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡದ್ದನ್ನು ವಾಚಕರು ಮರೆತಿರಲಾರರು. ಓಕಳಿಪುರದ ರೈಲ್ವೆ ಕೆಳಸೇತುವೆಯೂ ಜೋರು ಮಳೆಗೆ ನೀರು ನಿಲ್ಲುವ ಜಾಗವೇ. ಹೊರಗಿನ ನೀರಿನ ಒತ್ತಡದಿಂದ ಬಾಗಿಲು ತೆರೆಯುವುದಿಲ್ಲ. ವಿದ್ಯುತ್ ಕಿಟಕಿಗಳು ನೀರಿನಲ್ಲಿ ಕೆಲ ಹೊತ್ತು ಮಾತ್ರ ಕೆಲಸ ಮಾಡಬಹುದು. ಗಾಡಿ ನಿಂತ ಕ್ಷಣವೇ ಮೊದಲು ಕಿಟಕಿಗಳನ್ನು ಇಳಿಸಬೇಕು. ಹಿಂಬಾಗಿಲುಗಳ ಮಕ್ಕಳ ಬೀಗ ಹಾಕಿದ್ದರೆ ಅವು ಒಳಗಿನಿಂದ ತೆರೆಯವು ಎಂಬುದು ಮನೆಯ ಎಲ್ಲರಿಗೂ ತಿಳಿದಿರಲಿ.

ನೀರಿನಲ್ಲಿ ಆಫ್ ಆದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲೇಬಾರದು. ಸಿಲಿಂಡರಿನೊಳಗೆ ಸೇರಿದ ನೀರು ಒತ್ತಿಗೆ ಕುಗ್ಗದ ಕಾರಣ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಸಾಮಾನ್ಯ ಸಮಗ್ರ ಪಾಲಿಸಿ ಪ್ರವಾಹದ ಹಾನಿಯನ್ನು ಭರಿಸಿದರೂ, ಹೀಗೆ ಮರುಚಾಲನೆಯಿಂದ ಆದ ಹಾನಿಯನ್ನು ಅನುಷಂಗಿಕ ನಷ್ಟವೆಂದು ವಿಮಾ ಕಂಪನಿಗಳು ನಿರಾಕರಿಸುತ್ತವೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ನಮ್ಮ ಊರಿನಲ್ಲಿ ದುಂದುವೆಚ್ಚವಲ್ಲ.

ತೆರಿಗೆಯ ಅಂಶ

ಸಂಸ್ಥೆಯ ಹೆಸರಿನ ಕಾರನ್ನು ಮನೆಗೂ ಬಳಸಿದರೆ, ಮಾಲೀಕತ್ವ ಹಾಗೂ ಪಾಲುದಾರಿಕೆ ಸಂಸ್ಥೆಗಳಲ್ಲಿ, ಆ ಪ್ರಮಾಣದ ವೆಚ್ಚ ಹಾಗೂ ಸವಕಳಿಯನ್ನು ಆದಾಯ ತೆರಿಗೆ ಅಧಿಕಾರಿಗಳು ಅಮಾನ್ಯ ಮಾಡಬಹುದು. ಪ್ರಮಾಣವೆಷ್ಟೆಂದು ತೋರಿಸುವ ದಾಖಲೆ ಇಲ್ಲದಿದ್ದಾಗ ಅಂದಾಜಿನ ಮೇಲೆ ನಿರ್ಧಾರವಾಗುತ್ತದೆ, ಅಂದಾಜು ಅಪರೂಪಕ್ಕೂ ನಮ್ಮ ಪರವಾಗಿರುವುದಿಲ್ಲ. ಕಿಲೋಮೀಟರು ಬರೆದ ಪುಸ್ತಕವೊಂದೇ ಇಲ್ಲಿ ಸಾಕ್ಷಿ. ಮೆಕ್ಯಾನಿಕ್‌ಗೆ ಬೇಕಾದದ್ದೂ ಅದೇ ಪುಸ್ತಕ. ಚಾಲಕರನ್ನೂ ಸೇರಿಸಿ 13 ಆಸನಗಳವರೆಗಿನ ಕಾರುಗಳ ಖರೀದಿ, ವಿಮೆ, ದುರಸ್ತಿಗಳ ಮೇಲೆ ತೆತ್ತ ಜಿ.ಎಸ್.ಟಿ.ಗೆ ಸಾಮಾನ್ಯ ವ್ಯಾಪಾರಸ್ಥರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಅಂದರೆ ತಪ್ಪಿಸಬಹುದಾಗಿದ್ದ ಪ್ರತಿಯೊಂದು ದುರಸ್ತಿಯ ತೆರಿಗೆಯೂ ನೇರ ವೆಚ್ಚ.

ಸವಕಳಿಯ ದರ ಇಳಿಯುತ್ತಾ ಹೋಗುವ ಶಿಲ್ಕಿನ ಮೇಲೆ ಶೇ. 15. ಖರೀದಿಯ ವರ್ಷ ಬಳಕೆ 180 ದಿನಗಳಿಗಿಂತ ಕಡಿಮೆಯಿದ್ದರೆ ಅದರ ಅರ್ಧ. ರೂ. 12,00,000 ಬೆಲೆಯ, ಪೂರ್ತಿಯಾಗಿ ವ್ಯವಹಾರಕ್ಕೇ ಬಳಸಿದ ಒಂದೇ ಒಂದು ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಐದು ಪೂರ್ಣ ವರ್ಷಗಳ ನಂತರ ಪುಸ್ತಕದಲ್ಲಿ ಉಳಿಯುವುದು ರೂ. 5,32,446. ದಿನಾಂಕವಾರು ನಿರ್ವಹಣೆಯ ದಾಖಲೆಯನ್ನು ಮುಂದಿಟ್ಟು ಅದನ್ನು ರೂ. 6,50,000ಕ್ಕೆ ಮಾರಿದರೆ, ನೋಂದಾಯಿತ ವ್ಯಾಪಾರಸ್ಥರು ಜಿ.ಎಸ್.ಟಿ. ತೆರಬೇಕಾದದ್ದು ಪೂರ್ತಿ ಬೆಲೆಯ ಮೇಲಲ್ಲ, ವ್ಯತ್ಯಾಸವಾದ ರೂ. 1,17,554ರ ಮೇಲೆ ಮಾತ್ರ. 2025ರ ಆರಂಭದಲ್ಲಿ ಏಕರೂಪಗೊಂಡ ಶೇ. 18ರ ದರದಲ್ಲಿ ಅದು ಸುಮಾರು ರೂ. 21,160 ಆಗುತ್ತದೆ. ಪುಸ್ತಕದ ಶಿಲ್ಕಿಗಿಂತ ಕಡಿಮೆ ಬೆಲೆಗೆ ಮಾರಿದಲ್ಲಿ ಈ ತೆರಿಗೆ ಇಲ್ಲ.