ಗಲ್ಲಾದ ಮೇಲೊಂದು ಮಾತಾಡುವ ಡಬ್ಬಿ!

‘ಐವತ್ತು ರೂಪಾಯಿ ಸ್ವೀಕರಿಸಲಾಗಿದೆ!’

ಮಂಡಿಪೇಟೆಯಿಂದ ಬಸ್ ಸ್ಟ್ಯಾಂಡ್‌ವರೆಗೆ ಒಮ್ಮೆ ನಡೆದು ಬನ್ನಿ ಸ್ವಾಮಿ, ದಾರಿಯುದ್ದಕ್ಕೂ ಇದೇ ಕೂಗು. ಮಂಡಕ್ಕಿ-ಮಿರ್ಚಿ ಗಾಡಿ, ಎಳನೀರಿನ ರಾಶಿ, ಚಪ್ಪಲಿ ಹೊಲಿಯುವವರ ಗೂಡು, ಎಲ್ಲಿ ನೋಡಿದರೂ ಒಂದು ಕ್ಯೂಆರ್ ಸ್ಟಿಕ್ಕರ್, ಪಕ್ಕದಲ್ಲೊಂದು ಮಾತಾಡುವ ಡಬ್ಬಿ. 2016ರಲ್ಲಿ ಯುಪಿಐ ಶುರುವಾದಾಗ ‘ಇದೆಲ್ಲ ಬೆಂಗಳೂರಿನವರಿಗೆ ಕಣ್ರೀ’ ಎಂದವರೇ ಈಗ ಎಲೆ-ಅಡಿಕೆಗೂ ಮೊಬೈಲು ಎತ್ತುತ್ತಾರೆ.

ಇದರ ಸುಖ ಏನೆಂದು ಬಸ್ಸಿನವರನ್ನು ಕೇಳಬೇಕು. ಟಿಕೆಟ್ಟಿನ ಬೆನ್ನಿಗೆ ಕಂಡಕ್ಟರ್ ಬರೆದುಕೊಟ್ಟ ಬಾಕಿ ಚಿಲ್ಲರೆಯನ್ನು ಇಳಿಯುವ ಗಡಿಬಿಡಿಯಲ್ಲಿ ಮರೆತು ಬಂದವರು ಒಬ್ಬರೇ ಇಬ್ಬರೇ? 2024ರಲ್ಲಿ ಕೆಎಸ್‌ಆರ್‌ಟಿಸಿ ಬಸ್ಸಿಗೂ ಮೊಬೈಲ್ ಪಾವತಿ ಬಂತು. ಚಿಲ್ಲರೆ ಜಗಳ ತಗ್ಗಿ, ‘ನೆಟ್‌ವರ್ಕ್ ಇಲ್ಲ ಸಾರ್’ ಎಂಬ ಹೊಸ ಜಗಳ ಹುಟ್ಟಿತು, ಅಷ್ಟೇ.

ಡಬ್ಬಿಯ ಹೊಟ್ಟೆಯಲ್ಲಿರುವುದು ಒಂದು ಸಿಮ್ಮು, ಒಂದು ಸ್ಪೀಕರು, ಒಂದು ಬ್ಯಾಟರಿ. ಗಿರಾಕಿಯ ಮೊಬೈಲಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಹಣ ಜಮೆಯಾದ ಸುದ್ದಿ ಡಬ್ಬಿ ಕೊಟ್ಟ ಕಂಪನಿಯ ಕಂಪ್ಯೂಟರಿಗೆ ಮುಟ್ಟಿ, ಅಲ್ಲಿಂದ ಈ ಸಿಮ್ಮಿಗೆ ಬಂದರಷ್ಟೇ ಇದು ಬಾಯಿ ಬಿಡುತ್ತದೆ. ಆದ್ದರಿಂದ ಗಿರಾಕಿ ಹಸಿರು ಗುರುತು ತೋರಿಸಿ ‘ಹೋಯ್ತು ನೋಡಣ್ಣ’ ಅಂದಮಾತ್ರಕ್ಕೆ ಸಾಮಾನು ಕೊಡಬೇಡಿ. ಆ ಗುರುತನ್ನು ಸುಳ್ಳೇ ತೋರಿಸುವ ನಕಲಿ ಆ್ಯಪ್‌ಗಳಿವೆ. ಡಬ್ಬಿ ಸುಮ್ಮನಿದ್ದರೆ ನಿಮ್ಮ ಖಾತೆ ನೋಡಿಕೊಳ್ಳಿ. ಬೆಳಗ್ಗೆ ಬಾಗಿಲು ತೆಗೆದಾಗ ನಿಮ್ಮ ಸ್ಟಿಕ್ಕರ್ ಮೇಲೆ ಇನ್ನೊಬ್ಬರದು ಅಂಟಿದೆಯೇ ಅಂತ ಉಗುರಲ್ಲಿ ಕೆರೆದು ನೋಡುವುದೂ ಒಳ್ಳೆಯದು. ಇನ್ನೊಂದು ಮಾತು: ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಒತ್ತಿ ಅಂದವನು ಕಳ್ಳ!

ಇಷ್ಟೇ ಆಗಿದ್ದರೆ ಡಬ್ಬಿಗೆ ಆರತಿ ಎತ್ತಬಹುದಿತ್ತು. ಆದರೆ ಅದು ಕೂಗಿದ್ದೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತದಲ್ಲ, ಅಲ್ಲಿದೆ ಬಿಸಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ನಾಲ್ಕು ವರ್ಷದ ಯುಪಿಐ ಜಮೆ ತೆಗೆದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಪಕ್ಕದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು ಹೀಗೆ: ಜಮೆ 1.63 ಕೋಟಿ, ಕಟ್ಟಬೇಕಾದ್ದು 29 ಲಕ್ಷ! ಭಾಗಿಸಿ ನೋಡಿ, ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರ. ಅದರಲ್ಲಿ ಮಂಡಿಗೆ ಕೊಟ್ಟದ್ದೆಷ್ಟು, ಕೊಳೆತದ್ದೆಷ್ಟು, ಕೈಗುಳಿದದ್ದೆಷ್ಟು? ಡಬ್ಬಿಗೆ ಗೊತ್ತಿಲ್ಲ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಎಂಬುದೂ ಅದಕ್ಕೆ ಗೊತ್ತಿಲ್ಲ. ಭಾವಮೈದ ಕಳಿಸಿದ ಕೈಸಾಲ, ಚೀಟಿ ದುಡ್ಡು, ಊರ ಜಾತ್ರೆಯ ವಂತಿಗೆ, ಎಲ್ಲವೂ ಅದಕ್ಕೆ ‘ಸ್ವೀಕರಿಸಲಾಗಿದೆ’!

ಬೆಂಗಳೂರಿನಲ್ಲಿ ‘ನಗದು ಮಾತ್ರ’ ಬೋರ್ಡು ಎದ್ದವು. ಬಂದ್ ಮಾತೂ ಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ಕರೆದು, ನೋಂದಣಿ ಮಾಡಿಕೊಂಡರೆ ಹಳೇ ಬಾಕಿ ವಸೂಲಿ ಇಲ್ಲ ಎಂದ ಮೇಲೆ ಬಿಸಿ ಆರಿತು. ಮೊದಲು ತಿಳಿವಳಿಕೆ, ಆಮೇಲೆ ನೋಟಿಸು ಆಗಬೇಕಿತ್ತು. ನಮ್ಮಲ್ಲಿ ಉಲ್ಟಾ.

ಹಾಗಂತ ಸ್ಟಿಕ್ಕರ್ ಕಿತ್ತರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ನೆನಪಿಡಬೇಕಾದ್ದು ಇಷ್ಟು: ವರ್ಷಕ್ಕೆ ಸರಕು ಮಾರಾಟ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ತೆರಿಗೆಯಿಲ್ಲದ ಮಾಲನ್ನಷ್ಟೇ ಮಾರುವವರಿಗೆ ಅದೂ ಬೇಡ. ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳಿಗೆ ಶೇ. 1 ಕಟ್ಟುವ ಕಾಂಪೊಸಿಷನ್ ಸ್ಕೀಮೂ ಉಂಟು. ಮನೆ ದುಡ್ಡಿಗೆ ಬೇರೆ ಖಾತೆ, ಅಂಗಡಿಗೆ ಬೇರೆ ಖಾತೆ ಇಡಿ. ಮಂಡಿ ಬಿಲ್ಲುಗಳನ್ನು ತಂತಿಗೆ ಚುಚ್ಚಿಡುವ ನಮ್ಮ ಹಿರಿಯರ ರೂಢಿ ಬಿಡಬೇಡಿ. ನೋಟಿಸು ಬಂದ ದಿನ ಇಲಾಖೆಯ ಮೇಜಿನ ಮೇಲೆ ಇಡಲು ಬೇಕಾಗುವುದು ಅವೇ ಬಿಲ್ಲುಗಳು.